ಕ್ಲಬ್ಬಿನಲ್ಲಿ ಗಟ್ಟಿಮೇಳ

ಆ ಶನಿವಾರ ನಮ್ಮ ಮನೆಯಲ್ಲಿ ವಿಶೇಷವೇನೂ ಇರಲಿಲ್ಲ. ಹುರುಳಿಕಾಳಿನ ಉಪ್ಸಾರು ಮಾಡಿದ್ದೆ. ನಮ್ಮ ಯಜಮಾನರು ಕಾರ್ಖಾನೆಯಿಂದ ಬಂದು, ಕೈಗೆ ಮೆತ್ತಿದ್ದ ಗ್ರೀಸನ್ನು ಬೂದಿ ಹಾಕಿ ತಿಕ್ಕಿ ತೊಳೆದು ಮುದ್ದೆ ಉಂಡರು. ಆಮೇಲೆ ಬಾಗಿಲ ಹತ್ತಿರ ಕೂತು, ಕ್ಲಾರಿನೆಟ್ಟನ್ನು ತುಂಡು ತುಂಡಾಗಿ ಬಿಚ್ಚಿ ಹಳೆಯ ಪಂಚೆಯ ಚೂರಿನಿಂದ ಒರೆಸಿದರು. ನಾನು ಅಕ್ಕಿ ಆರಿಸುತ್ತಿದ್ದೆ. ಇಬ್ಬರೂ ಹೆಚ್ಚು ಮಾತಾಡಲಿಲ್ಲ, ಮಾತಾಡಬೇಕೆಂದು ಅನ್ನಿಸಲೂ ಇಲ್ಲ. ಮಾರನೆಯ ದಿನ ಕ್ಲಬ್ಬಿನಲ್ಲಿ ಬ್ಯಾಂಡು ಇತ್ತು. ಅದಾಗಿ ತಿಂಗಳು ತುಂಬುವುದರೊಳಗೆ ಅವರು ತೀರಿಕೊಂಡರು.

ಅವರು ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದರು. ಊರು ಮದ್ದೂರಿನ ಹತ್ತಿರದ ಕೊಪ್ಪ, ಬೇಸಾಯದ ಮನೆ. ಮೈಸೂರಿನ ಬ್ಯಾಂಡಿನಲ್ಲಿದ್ದು ವಯಸ್ಸಾದ ಮೇಲೆ ಮದ್ದೂರಿಗೆ ಬಂದು ನೆಲೆಸಿದ್ದ ಒಬ್ಬರ ಹತ್ತಿರ ಚಿಕ್ಕಂದಿನಲ್ಲೇ ಕ್ಲಾರಿನೆಟ್ ಕಲಿತಿದ್ದರು. ಲಗ್ನದ ದಿನಗಳು ಬಂದರೆ ಮದ್ದೂರಿನ ಬ್ಯಾಂಡ್‌ಸೆಟ್ಟಿನ ಜೊತೆ ಊರೂರಿಗೆ ಹೋಗಿ ನುಡಿಸುತ್ತಿದ್ದರು. ನಮ್ಮ ಮಾವನವರಿಗೆ ಇದು ಸೇರುತ್ತಿರಲಿಲ್ಲ. "ನೇಗ್ಲು ಇಡಿಯೋ ಕೈಲಿ ಪೀಪಿ ಇಡ್ಕಂಡವ್ನೆ ನೋಡ್ಲಾ ನನ್ ಮಗ" ಎಂದು ಬಂದವರೆದುರಿಗೆಲ್ಲ ಹೇಳುತ್ತಿದ್ದರು. ಇವರು ನಗುತ್ತಿದ್ದರು.

ಅವರಿಗೆ ಇದ್ದದ್ದು ಒಂದೇ ಆಸೆ. ಯುದ್ಧದ ಕಾಲ ಅದು. ಬೆಂಗಳೂರಿನ ದಂಡು ಪ್ರದೇಶದಿಂದ ಆಗೀಗ ಒಂದು ಇಂಗ್ಲಿಷ್ ಬ್ಯಾಂಡು ಕಾರ್ಖಾನೆಯ ಆಫೀಸರುಗಳ ಕ್ಲಬ್ಬಿಗೆ ಬರುತ್ತಿತ್ತು. ದೊರೆಗಳು ಕುಣಿಯಲೆಂದು ಅವರು ನುಡಿಸುತ್ತಿದ್ದ ಸಂಗೀತಕ್ಕೆ ಸ್ವಿಂಗು ಎನ್ನುತ್ತಿದ್ದರು. ಬ್ಯಾಂಡು ಬಂದಾಗಲೆಲ್ಲ ನಮ್ಮ ಯಜಮಾನರು ಕ್ಲಬ್ಬಿನ ಬೇಲಿಯಾಚೆ ನಿಂತು ಮುಗಿಯುವ ತನಕ ಕೇಳುತ್ತಿದ್ದರು. ಮನೆಗೆ ಬಂದು ಒಂದೊಂದು ಪಾಟಿನ, ಅಂದರೆ ಹಾಡಿನ, ತುಣುಕನ್ನು ಊದಿ ನೋಡುತ್ತಿದ್ದರು. "ಒಂದ್ ಸಲ ಅವರ ಜೊತೇಲಿ ಕೂತು ಊದ್ಬೇಕು ಕಣಮ್ಮಿ" ಎನ್ನುತ್ತಿದ್ದರು. ನನಗೆ ಅದು ಆಗುವ ಮಾತು ಅನ್ನಿಸಿರಲಿಲ್ಲ.

ಆ ಭಾನುವಾರ ಕೆಲಸದವರ ಮನೆಯವರನ್ನೂ ಕ್ಲಬ್ಬಿನ ಒಳಗೆ ಬಿಟ್ಟಿದ್ದರು. ಹೊಂಗೆ ಮರದ ಕೆಳಗೆ ನಮಗೆಂದು ಜಮಖಾನ ಹಾಸಿದ್ದರು. ಶಾಮಿಯಾನದ ಕೆಳಗೆ ದೊರೆಗಳು, ದೊರೆಸಾನಿಯರು, ನಮ್ಮ ಕಾರ್ಖಾನೆಯ ದೊಡ್ಡವರು. ಊಟದ ಹೊತ್ತು ಕಳೆದಿತ್ತು, ಬಿಸಿಲು ಜೋರಾಗಿತ್ತು. ಬ್ಯಾಂಡಿನವರು ಬಂದಿದ್ದರೂ ಶುರುವಾಗಲಿಲ್ಲ. ಕ್ಲಬ್ಬಿನ ಬಟ್ಲರು ನಮ್ಮ ಕಡೆಗೆ ಬಂದು, ಪೀಪಿ ಊದುವ ಫಿಟ್ಟರು ಯಾರು ಎಂದು ಕೇಳಿದ. ನಮ್ಮ ಯಜಮಾನರು ಎದ್ದು ನಿಂತರು.

ಬ್ಯಾಂಡ್ ಮಾಸ್ಟರು ದಪ್ಪನೆಯ ಮನುಷ್ಯ, ದಂಡಿನವನು. ಕನ್ನಡ ಬರುತ್ತಿತ್ತು. ಅಲ್ಲೇ ಮರದ ಹತ್ತಿರಕ್ಕೆ ಬಂದದ್ದರಿಂದ ಮಾತೆಲ್ಲ ನನಗೆ ಕೇಳಿಸಿತು.

"ನಮ್ ಕ್ಲಾರಿನೆಟ್ ಆಳ್ಗೆ ಜ್ವರ, ಬಂದಿಲ್ಲ. ನೀನು ಊದ್ತೀಯಾ?"

"ನಿಮ್ ಪಾಟು ಯಾರೂ ಯೇಳ್ಕೊಟ್ಟಿಲ್ಲ ಸ್ವಾಮಿ. ಕೇಳಿವ್ನಿ."

"ಎಲ್ಲಿ ಕೇಳ್ದೆ?"

"ಬೇಲಿ ಆಚೆ ನಿಂತ್ಕಂಡು."

ಮಾಸ್ಟರು ಹೊಟ್ಟೆ ಕುಣಿಸಿ ನಕ್ಕ. "ಹಂಗಾದ್ರೆ ಬೇಲಿ ಒಳ್ಗೆ ಬಾ. ನನ್ ಕೈ ನೋಡ್ಕೊಂಡು ಊದು. ಬೇರೆ ಏನೂ ನೋಡ್ಬೇಡ."

ಒಂದು ಆಳುದ್ದದ ಪಿಟೀಲನ್ನು ಒಬ್ಬ ನಿಂತುಕೊಂಡು ಬೆರಳಲ್ಲಿ ಮೀಟುತ್ತಿದ್ದ. ಡ್ರಮ್ಮಿನವನು, ಪಿಯಾನೋದವನು, ಟ್ರಂಪೆಟ್ಟಿನವನು ಇದ್ದರು. ಮನೆಯಿಂದ ಕ್ಲಾರಿನೆಟ್ ತಂದುಕೊಂಡು, ಬಿಳಿ ಕೋಟಿನವರ ನಡುವೆ ನಮ್ಮವರು ಪಂಚೆ ಉಟ್ಟು ಕುರ್ಚಿಯ ತುದಿಯಲ್ಲಿ ಕೂತರು. ಮೊದಲನೆಯ ಹಾಡಿನಲ್ಲಿ ಅವರು ಊದಿದ್ದು ಅಷ್ಟಕ್ಕಷ್ಟೆ. ಎರಡನೆಯದರಲ್ಲಿ ಸೇರಿಕೊಂಡರು. ಆ ಪಾಟಿನಲ್ಲಿ ತಾಳ ಬೀಳಬೇಕಾದ ಕಡೆ ಬೀಳದೆ ಒಂದಿಷ್ಟು ತಡೆದು ಬೀಳುತ್ತಿತ್ತು. ಗಾಡಿ ಕೆರೆ ಏರಿಯಿಂದ ಇಳಿಯುವಾಗ ಮೈ ಮುಂದಕ್ಕೆ ವಾಲುತ್ತದಲ್ಲ, ಹಾಗೆ. ಅವರ ಕ್ಲಾರಿನೆಟ್ಟಿನ ದನಿ ಆ ತಾಳದ ಮೇಲೆ ಹಗುರವಾಗಿ ಹೋಗುತ್ತಿತ್ತು. ಇಷ್ಟನ್ನೂ ಈ ಮನುಷ್ಯ ಬೇಲಿಯಾಚೆ ನಿಂತು ತುಂಬಿಕೊಂಡರೇ ಎಂದು ನಾನು ನೋಡುತ್ತಲೇ ಇದ್ದೆ.

ನನ್ನ ಪಕ್ಕದಲ್ಲಿ ಕೂತಿದ್ದವಳು ನೆರೆಮನೆಯ ಅಕ್ಕ, ಮಳವಳ್ಳಿ ಕಡೆಯವಳು. ಅವಳ ಕಣ್ಣು ಶಾಮಿಯಾನದ ಕೆಳಗೆ ಜೋಡಿಯಾಗಿ ಕುಣಿಯುತ್ತಿದ್ದ ದೊರೆ ದೊರೆಸಾನಿಯರ ಮೇಲೆ.

"ಇದೇನಮ್ಮಿ, ಯಾರ್ ಎಂಡ್ರ ಸೊಂಟವ ಯಾರಾರೋ ಇಡ್ಕಂಡು ತಿರುಗ್ತಾವ್ರೆ!"

"ಸುಮ್ಕಿರಕ್ಕ, ಕೇಳಿಸ್ಕತಾರೆ."

"ಈ ಗದ್ದಲದಾಗೆ ಯಾರಿಗ್ ಕೇಳಿಸ್ತದೆ? ನಿನ್ ಗಂಡ ಊದಾದೆ ಕೇಳಾಕಿಲ್ಲ."

"ನಂಗೆ ಕೇಳ್ತದೆ."

"ನಿಂಗ್ ಕೇಳ್ದೆ ಇನ್ಯಾರಿಗ್ ಕೇಳಾದು ಬುಡು" ಎಂದು ನನ್ನ ತೊಡೆಗೆ ಚಿವುಟಿದಳು.

ಮೂರನೆಯದೋ ನಾಲ್ಕನೆಯದೋ ಹಾಡು. ಎಲ್ಲರೂ ಜೋರಾಗಿ ನುಡಿಸುತ್ತಿದ್ದಾಗ ಮಾಸ್ಟರು ಬಲಗೈಯ ತೋರುಬೆರಳನ್ನು ಮೇಲೆತ್ತಿ ಅಲ್ಲಾಡಿಸಿದ. ಉಳಿದವರು ದನಿ ತಗ್ಗಿಸಿ, ಟ್ರಂಪೆಟ್ಟಿನವನೊಬ್ಬನೇ ನುಡಿಸಲಿ ಎಂದು ಅದರ ಅರ್ಥವಂತೆ. ನಮಗೆ ಅದು ಆಮೇಲೆ ಗೊತ್ತಾಯಿತು. ನಮ್ಮ ಮದುವೆಗಳಲ್ಲಿ ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ಹೀಗೆಯೇ ಬೆರಳೆತ್ತಿ ಅಲ್ಲಾಡಿಸುತ್ತಾರೆ. ಆಗ ಕೆಟ್ಟ ಮಾತಾಗಲಿ ಸೀನಾಗಲಿ ಯಾರ ಕಿವಿಗೂ ಬೀಳಬಾರದೆಂದು ವಾದ್ಯದವರು ಇದ್ದ ಉಸಿರನ್ನೆಲ್ಲ ಹಾಕಿ ನುಡಿಸಬೇಕು. ಅದೇ ಗಟ್ಟಿಮೇಳ. ಎಷ್ಟೋ ಮದುವೆಗಳಲ್ಲಿ ಆ ಬೆರಳನ್ನೇ ಕಾಯುತ್ತ ನಿಂತವರು ನಮ್ಮ ಯಜಮಾನರು. ಕೈ ಬಿಟ್ಟು ಬೇರೆ ಏನೂ ನೋಡಬೇಡ ಎಂದು ಬೇರೆ ಹೇಳಿಸಿಕೊಂಡಿದ್ದರು.

ಮಿಕ್ಕವರೆಲ್ಲ ತಗ್ಗಿದರು. ಟ್ರಂಪೆಟ್ಟಿನವನು ಶುರುಮಾಡುವ ಮೊದಲೇ ಇವರು ಎದ್ದು ನಿಂತು, ಕೆನ್ನೆ ಉಬ್ಬಿಸಿ, ಕ್ಲಾರಿನೆಟ್ಟನ್ನು ಮೇಲಕ್ಕೆತ್ತಿ ಗಟ್ಟಿಮೇಳ ಊದಿಬಿಟ್ಟರು.

ನಮ್ಮ ಜಮಖಾನದ ಮೇಲಿದ್ದ ಹೆಂಗಸರ ಕೈಗಳು ಅಕ್ಷತೆ ಹಾಕುವವರ ಹಾಗೆ ತಾವಾಗಿಯೇ ಮೇಲೆದ್ದವು. "ಅಯ್ಯೋ, ಯಾರಿಗ್ ತಾಳಿ ಕಟ್ಬುಟ್ರಮ್ಮಿ!" ಎಂದು ಅಕ್ಕ ಕೂಗಿದಳು. ಕುಣಿಯುತ್ತಿದ್ದವರು ನಿಂತು ತಿರುಗಿ ನೋಡಿದರು. ಅಷ್ಟು ಹೊತ್ತಿಗೆ ನಮ್ಮ ಯಜಮಾನರಿಗೆ ತಾವೊಬ್ಬರೇ ಊದುತ್ತಿರುವುದು ತಿಳಿಯಿತು. ಮುಖ ಬಿಳಿಚಿತು. ಇವರನ್ನು ಈಗ ಹೊರಗೆ ಕಳಿಸುತ್ತಾರೆ, ಇನ್ನು ಆ ಬೇಲಿಯ ಹತ್ತಿರಕ್ಕೂ ಇವರು ಹೋಗುವುದಿಲ್ಲ ಎಂದುಕೊಂಡೆ.

ಆದರೆ ಅವರು ಊದುವುದನ್ನು ನಿಲ್ಲಿಸಲಿಲ್ಲ. ಗಟ್ಟಿಮೇಳ ಶುರುವಾದ ಮೇಲೆ ನಡುವೆ ಬಿಡಬಾರದು, ಬಿಟ್ಟರೆ ಅಪಶಕುನ. ಅವರಿಗೆ ಆ ಭಯವಿತ್ತೋ ಏನೋ. ಡ್ರಮ್ಮಿನವನು ಮೊದಲು ನಕ್ಕ. ನಗುತ್ತಲೇ ಇವರ ಹಿಂದೆ ಬಿದ್ದು ಬಾರಿಸತೊಡಗಿದ. ಟ್ರಂಪೆಟ್ಟಿನವನು ಇವರು ಊದಿದ್ದನ್ನೇ ಹಿಡಿದು ತನ್ನ ದಾರಿಯಲ್ಲಿ ತಿರುಗಿಸಿ ಹೇಳಿದ. ಇವರು ಮತ್ತೆ ಉತ್ತರ ಕೊಟ್ಟರು. ಮಾಸ್ಟರು ಬೆವರು ಸುರಿಸುತ್ತ ಈ ಸಲ ಬೇಕೆಂದೇ ಬೆರಳೆತ್ತಿ ಅಲ್ಲಾಡಿಸಿದ. ಎಲ್ಲ ವಾದ್ಯಗಳೂ ಒಟ್ಟಿಗೆ ಎದ್ದವು. ದೊರೆಸಾನಿಯರು ಚಪ್ಪಾಳೆ ತಟ್ಟಿದರು, ನಮ್ಮ ಕಡೆಯ ಜನ ಸಿಳ್ಳೆ ಹಾಕಿದರು. ಅದುವರೆಗೆ ಒಬ್ಬರನ್ನೊಬ್ಬರು ನೋಡದ ಎರಡು ಗುಂಪಿನವರೂ ಒಬ್ಬ ಮನುಷ್ಯನನ್ನೇ ನೋಡುತ್ತಿದ್ದರು. ನಮ್ಮ ಯಜಮಾನರು ಅಷ್ಟು ಚೆನ್ನಾಗಿದ್ದುದನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

ಮುಗಿದ ಮೇಲೆ ಮಾಸ್ಟರು ಕೇಳಿದ, "ಏನಯ್ಯಾ ಅದು?"

"ಗಟ್ಟಿಮೇಳ ಸ್ವಾಮಿ. ತಪ್ಪಾಯ್ತು."

"ತಪ್ಪು ಇರ್ಲಿ ಬಿಡು. ಮುಂದಿನ್ ತಿಂಗ್ಳು ಬೆಂಗಳೂರ್ಗೆ ಬಾ. ಅಲ್ಲೂ ಇದೇ ತಪ್ಪು ಮಾಡು."

"ಮನೇಲಿ ಕೇಳ್ಬುಟ್ಟು ಯೇಳ್ತೀನಿ."

ಮನೆಗೆ ಹೋಗುವ ದಾರಿಯಲ್ಲಿ ಕೇಳಿದರು, "ಏನಂತೀಯಮ್ಮಿ?"

"ನಾ ಬ್ಯಾಡ ಅಂದ್ರೆ ನಿಂತ್ಕಬುಟ್ಟೀರಾ?"

"ನಿಂತ್ಕತೀನಿ."

"ಓಗ್ಬನ್ನಿ ಮತ್ತೆ. ದೊರೆಸಾನೀರ ಜೊತೆ ಕುಣಿಯಾಕ್ ಮಾತ್ರ ಓಗ್ಬ್ಯಾಡಿ."

ದಾರಿಯುದ್ದಕ್ಕೂ ನಕ್ಕರು.

ಅವರು ಬೆಂಗಳೂರಿಗೆ ಹೋಗಲಿಲ್ಲ. ಆ ವಾರವೇ ಜ್ವರ ಹಿಡಿಯಿತು. ವಿಷಮಜ್ವರ ಎಂದರು. ಆಸ್ಪತ್ರೆಯಲ್ಲಿ ಮಾಡುವುದನ್ನೆಲ್ಲ ಮಾಡಿದರು. ಹಾಸಿಗೆಯ ಮೇಲೂ ಅವರ ಬೆರಳುಗಳು ಹೊದಿಕೆಯನ್ನು ಒತ್ತುತ್ತಿದ್ದವು. ಯಾವ ಪಾಟು ಎಂದು ಕೇಳಿದರೆ ಹೇಳುವಷ್ಟು ತ್ರಾಣ ಇರಲಿಲ್ಲ.

ಮುಂದಿನ ವರ್ಷ ಬ್ಯಾಂಡು ಮತ್ತೆ ಬಂದಾಗ ಮಾಸ್ಟರು ಅವರಿಗೆ ಹೇಳಿ ಕಳಿಸಿದ. ನಾನೇ ಕ್ಲಬ್ಬಿನ ಗೇಟಿಗೆ ಹೋಗಿ ವಿಷಯ ಹೇಳಿದೆ. ಅವನು ಟೋಪಿ ತೆಗೆದ. "ನಾವೂ ಆ ಗಟ್ಟಿಮೇಳ ಊದಿ ನೋಡಿದ್ವಿ ಅಮ್ಮ. ಆಗ್ಲಿಲ್ಲ" ಎಂದ.

ಮದ್ದೂರಿನ ಕಡೆ ಹೋದರೆ ಈಗಲೂ ಯಾರಾದರೂ ಅವರ ವಾದ್ಯದ ಮಾತೆತ್ತುತ್ತಾರೆ. ನನಗೂ ಆ ಮಧ್ಯಾಹ್ನದ ಕ್ಲಾರಿನೆಟ್ ಪೂರ್ತಿ ಕೇಳಿಸುತ್ತದೆ. ಅವರು ದಾರಿಯಲ್ಲಿ ಆಡಿದ ಮಾತುಗಳೂ ನೆನಪಿವೆ, ಇಲ್ಲಿ ಬರೆದಿದ್ದೇನೆ. ಆದರೆ ಅವರು ಮಾತಾಡುತ್ತಿದ್ದ ದನಿ ಹೇಗಿತ್ತು ಎಂದು ಎಷ್ಟು ಕೂತು ಯೋಚಿಸಿದರೂ ನನಗೆ ನೆನಪಿಗೆ ಬರುವುದಿಲ್ಲ.