ಚೀಟಿಯಲ್ಲಿ ಬಂದ ದೇಶ

ಎಲೆಕ್ಟ್ರಾನಿಕ್ ಸಿಟಿಯ ಕಾಲೇಜೊಂದರಲ್ಲಿ ಎಂ.ಎ. ವಿದ್ಯಾರ್ಥಿಗಳ ಅಣಕು ವಿಶ್ವಸಂಸ್ಥೆ. ನಾನು ತೀರ್ಪುಗಾರ. ಚೀಟಿಯಲ್ಲಿ ಯಾವ ದೇಶ ಬರುತ್ತದೋ ಅದರ ಪರ ವಾದಿಸಬೇಕು. ವಿಷಯ, ಸುಡಾನಿನಲ್ಲಿ ಕದನವಿರಾಮ. ಅಲ್ಲಿಂದಲೇ ಓದಲು ಬಂದಿದ್ದ ಹುಡುಗನಿಗೆ ಸಿಕ್ಕಿದ್ದು, ಅಲ್ಲಿಗೆ ಬಂದೂಕು ಮಾರುವ ದೇಶ.

"ಅವನ ಚೀಟಿ ಬದಲಾಯಿಸ್ರೀ," ಅಂದೆ ಕಾಲೇಜಿನ ಮೇಷ್ಟ್ರಿಗೆ.

"ಒಬ್ರಿಗೆ ಬದಲಾಯಿಸಿದ್ರೆ ಎಲ್ರೂ ಅಮೆರಿಕಾನೇ ಕೇಳ್ತಾರೆ ಸಾರ್."

"ಪರವಾಗಿಲ್ಲ ಸಾರ್," ಅಂದ ಹುಡುಗ, ಹಾಸ್ಟೆಲಿನಲ್ಲಿ ಕಲಿತ ಕನ್ನಡದಲ್ಲಿ.

ಎದ್ದು ನಿಂತು, ಕದನವಿರಾಮ ಯಾಕೆ ಬೇಡ ಅನ್ನುವುದಕ್ಕೆ ಒಂದೊಂದೇ ಕಾರಣ ಕೊಡತೊಡಗಿದ. ದನಿ ನಡುಗಲಿಲ್ಲ. ಅಷ್ಟರಲ್ಲಿ, ಎಲ್ಲರಿಂದ ಇಸಿದುಕೊಂಡು ನನ್ನ ಮೇಜಿನ ಮೇಲಿಟ್ಟಿದ್ದ ಫೋನುಗಳಲ್ಲಿ ಅವನದು ಮಿನುಗಿತು. ತಲೆಗೆ ಬಟ್ಟೆ ಹೊದ್ದ ಹೆಂಗಸಿನ ಫೋಟೋ. ನಿಯಮ ಹಾಳಾಗಲಿ ಅಂತ ಫೋನನ್ನು ಎತ್ತಿ ತೋರಿಸಿದೆ. ನೋಡಿದ, ಬೇಡವೆಂದು ತಲೆ ಆಡಿಸಿದ, ಮಾತು ಮುಂದುವರಿಸಿದ.

ಕೈ ಎತ್ತಿಸಿ ನೋಡಿದರೆ ಕದನವಿರಾಮ ಸೋತಿತ್ತು. ಭಾರೀ ಚಪ್ಪಾಳೆ. ಅವನಿಗೆ ಬಹುಮಾನದ ಕಪ್ ಕೊಡುತ್ತಾ, "ಯಾಕಪ್ಪಾ ಫೋನ್ ತಗೊಳ್ಲಿಲ್ಲ?" ಅಂದೆ.

"ಅಮ್ಮ, ಸಾರ್. ಏನ್ ಮಾಡ್ತಿದೀಯಾ ಅಂತ ಕೇಳ್ತಾರೆ. ಏನ್ ಹೇಳ್ಲಿ?"

ಊಟದ ಬಿಡುವು ಎಂದು ಮೈಕಿನಲ್ಲಿ ಕೂಗಿದೆ. ಅದನ್ನು ಮಾತ್ರ ಯಾವ ದೇಶವೂ ವಿರೋಧಿಸಲಿಲ್ಲ.