ಜೇಬಿನಲ್ಲಿದ್ದ ಮೂರು ಫ್ಯೂಸು

ಮೊನ್ನೆ ನಮ್ಮ ಮನೆಯ ಮಿಕ್ಸಿ ಸುಟ್ಟುಹೋಯಿತು. ಅಡುಗೆಮನೆಯ ತುಂಬ ಕಮರು ವಾಸನೆ. ಹೆಂಡತಿ ಕಿಟಕಿ ತೆಗೆದಳು, ನಾನು ಜಗಲಿಗೆ ಬಂದು ಕೂತುಬಿಟ್ಟೆ. ನಮ್ಮ ಎಲೆಕ್ಟ್ರಿಕ್ ಅಣ್ಣನ ಅಂಗಿಗೆ ಸದಾ ಅಂಟಿಕೊಂಡಿರುತ್ತಿದ್ದ ವಾಸನೆ ಅದು...

ದಂಡಿನಶಿವರದ ಹತ್ತಿರ ಒಂದು ತೆಂಗಿನ ನಾರಿನ ಫ್ಯಾಕ್ಟರಿಯಲ್ಲಿ ನಾನು ಮೆಷಿನ್ನಿಗೆ ಕಾಯಿ ಮಟ್ಟೆ ಕೊಡುತ್ತಿದ್ದೆ. ಮೋಟಾರು, ವೈರಿಂಗ್ ರಿಪೇರಿಯೆಲ್ಲ ನಾವು ಕೆಲಸದವರು ಅಣ್ಣ ಎಂದು ಕರೆಯುತ್ತಿದ್ದ ಈ ಎಲೆಕ್ಟ್ರಿಷಿಯನ್ನರದು. ಬಲು ಪುಕ್ಕಲು ಎಂದು ನಾವೆಲ್ಲ ಆಡಿಕೊಳ್ಳುತ್ತಿದ್ದೆವು. ಒಂದು ವೈರು ಮುಟ್ಟಬೇಕಾದರೂ ಬೋರ್ಡಿನ ಮೂರು ಫ್ಯೂಸನ್ನೂ ಕಿತ್ತು ಜೇಬಿಗೆ ಹಾಕಿಕೊಳ್ಳುವರು, ಆಮೇಲೂ ಟೆಸ್ಟರ್ ಹಿಡಿದು ಎರಡು ಸಲ ನೋಡುವರು.

"ಕರೆಂಟು ನಮ್ ಭಾವ ಅಲ್ಲ ಕಣ್ಲಾ, ಮುಲಾಜು ನೋಡಕ್ಕೆ" ಅನ್ನುವರು.

ಬೋರ್ಡಿಗೊಂದು ಬೀಗ ಕೊಡಿಸಿ ಎಂದು ಓನರ್ ಹತ್ತಿರ ಎಷ್ಟು ಸಲ ಕೇಳಿದರೋ. ಆಯ್ತು ಬಿಡಪ್ಪ ಎಂದವರು ಕೊಡಿಸಲೇ ಇಲ್ಲ.

ಆವತ್ತು ಊಟ ಮುಗಿಸಿ ಬಂದರೆ ಮಟ್ಟೆ ನೆನೆಸುವ ತೊಟ್ಟಿಯಲ್ಲಿ ನೀರಿಲ್ಲ. ತ್ರೀಫೇಸ್ ಕರೆಂಟು ಹೋಗಲು ಇನ್ನು ಅರ್ಧ ಗಂಟೆ. ನೀರಿನ ಮೋಟಾರಿನ ಬೋರ್ಡು ನೋಡಿದೆ, ಮೂರು ಫ್ಯೂಸೂ ಇರಲಿಲ್ಲ. ಒಂದು ಶೆಡ್ಡಿನ ಫ್ಯೂಸನ್ನು ಇನ್ನೊಂದು ಶೆಡ್ಡಿಗೆ ಕಿತ್ತುಕೊಂಡು ಹೋಗುವುದು ನಮ್ಮಲ್ಲಿ ಮಾಮೂಲಿ. ಆ ಜಾಗಕ್ಕೆ ತಂತಿ ಸಿಕ್ಕಿಸಿ ಓಡಿಸುವುದೂ ಮಾಮೂಲಿ. ಅಣ್ಣ ಎಲ್ಲಿ ಎಂದು ಒಂದು ಕೂಗು ಹಾಕಲಿಲ್ಲ ನಾನು. ಮೇನ್ ಇಳಿಸಿದೆ, ತಂತಿ ಸಿಕ್ಕಿಸಿದೆ, ಮೇನ್ ಎತ್ತಿದೆ. ಮಟ್ಟೆ ರಾಶಿಯ ಆಚೆ ಅಣ್ಣ ಆ ಮೋಟಾರಿನ ವೈರು ಹಿಡಿದು ಕೂತಿದ್ದರು.

ಓಡಿಹೋಗಿ ನೋಡಿದಾಗ... ಬೇಡ, ಅದನ್ನು ಬರೆಯಲಾರೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂರು ಫ್ಯೂಸೂ ಅಂಗಿಯ ಜೇಬಿನಲ್ಲೇ ಇದ್ದವು. ತಂತಿಯನ್ನು ಓನರ್ ಆಗಲೇ ಕಿತ್ತೆಸೆದಿದ್ದರು. ನನ್ನನ್ನು ಪಕ್ಕಕ್ಕೆ ಕರೆದು ಬಾಯಿ ಬಿಡಬೇಡ ಎಂದರು. ಹೆದರಿಕೆಯಾಗಿತ್ತು, ಬಿಡಲಿಲ್ಲ.

ಅಣ್ಣನ ಹೆಂಡತಿ ಯಾವಾಗ ಸಿಕ್ಕರೂ ಒಂದೇ ಪ್ರಶ್ನೆ ಕೇಳುತ್ತಾರೆ. ಫ್ಯೂಸು ಜೇಬಿನಲ್ಲಿದ್ದ ಮೇಲೆ ಕರೆಂಟು ಹೇಗೆ ಬಂತು? ಗೊತ್ತಿಲ್ಲ ಎಂದು ಇಷ್ಟು ವರ್ಷ ತಳ್ಳಿದ್ದೇನೆ. ನಿನ್ನೆ ತುರುವೇಕೆರೆ ಸಂತೆಯಲ್ಲಿ ಸಿಕ್ಕರು. ಏನಾದರಾಗಲಿ, ಹೇಳಿಯೇಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಅಂದರು:

"ಅವತ್ತು ಯಾವ್ದೋ ಬೇರೆ ಬೋರ್ಡಿಂದು ಕಿತ್ಕಂಡಿದ್ರೇನೋ ಕಣಪ್ಪ. ವಯಸ್ಸಾಗಿತ್ತು, ಮರ್ತಿರ್ಬೇಕು."

ಅಣ್ಣ ಮರೆಯುವ ಆಸಾಮಿಯೇ ಅಲ್ಲ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ, ನನ್ನ ಜನ್ಮಕ್ಕಿಷ್ಟು...

"ಇರ್ಬೌದು ಕಣಕ್ಕ" ಅಂದೆ.