ರೈಫಲ್ ಲೈಸೆನ್ಸಿಗೆ ಅತ್ತೆಯ ಸಾಕ್ಷಿ

ಫ್ರೆಂಡ್ಸ್, ಗೆದ್ದುಬಿಟ್ಟೆ!

ಮದುವೆಯಾಗಿ ಮೈಸೂರಿನಿಂದ ತಮಿಳುನಾಡಿನ ಅವಿನಾಶಿಗೆ ಬಂದೆನಲ್ಲ, ನನ್ನ ರೈಫಲ್ ಲೈಸೆನ್ಸೂ ಇಲ್ಲಿಗೆ ವರ್ಗವಾಗಬೇಕು. ಅದಕ್ಕೆ ಪೊಲೀಸ್ ವರದಿ ಬೇಕು. ವರದಿ ಕೆಟ್ಟರೆ ರೈಫಲ್ ಇಲ್ಲ, ನನ್ನ ಶೂಟಿಂಗ್ ಸ್ಪರ್ಧೆಗಳೂ ಇಲ್ಲ.

ಇಂದು ಬೆಳಗ್ಗೆ ವಿಚಾರಣೆಗೆ ಬಂದ ಎಸ್‌ಐ ನನ್ನನ್ನು ಬಿಟ್ಟು ಅತ್ತೆಯನ್ನು ತಮಿಳಿನಲ್ಲಿ ಕೇಳಿದರು, "ಮನೆಯಲ್ಲಿ ಜಗಳ ಏನಾದ್ರೂ ಉಂಟಾಮ್ಮಾ?"

"ಉಂಟು ಸಾರ್. ದಿನಾ ಉಂಟು."

ಎಸ್‌ಐ ಪೆನ್ನು ತೆಗೆದರು. ನಾನು ಏನೋ ಹೇಳಲು ಹೋದರೆ ಅತ್ತೆ ತಮ್ಮ ತಮಿಳು ಬೆರೆತ ಮನೆಗನ್ನಡದಲ್ಲಿ ಗದರಿದರು, "ನೀ ಸುಮ್ನಿರು ಕಣ್ಣು, ನಾ ಪೇಸ್ತೀನಿ." ಪೇಸ್ತೀನಿ ಅಂದರೆ ಮಾತಾಡ್ತೀನಿ ಅಂತ.

ಆಮೇಲೆ ಎಸ್‌ಐ ಅವರತ್ತ ತಿರುಗಿ ಮತ್ತೆ ತಮಿಳಿನಲ್ಲಿ ಶುರುಮಾಡಿದರು. "ಜಗಳ ಆಡೋದು ನಾನೂ ನನ್ನ ಮಗನೂ ಸಾರ್. ಇವಳು ಬಂದ ಮೇಲೆ ಇಬ್ಬರನ್ನೂ ಕೂರಿಸಿ ಸಮಾಧಾನ ಮಾಡ್ತಾಳೆ. ಈ ಮನೇಲಿ ಗನ್ನು ಕೊಡೋದಾದ್ರೆ ಇವಳೊಬ್ಬಳಿಗೇ ಕೊಡಿ. ಅವನ ಕೈಗೆ ಮಾತ್ರ ಬೇಡ!"

"ಅಮ್ಮಾ!" ಎಂದ ನನ್ನ ಪಾಪದ ಗಂಡ.

ಎಸ್‌ಐ ನಗು ತಡೆದುಕೊಂಡು, ಆಕ್ಷೇಪಣೆ ಇಲ್ಲ ಎಂದು ಬರೆದರು. 'ಸೊಸೆ ಶಾಂತ ಸ್ವಭಾವದವಳು, ಜವಾಬ್ದಾರಿಯುಳ್ಳವಳು' ಎಂಬ ಹೇಳಿಕೆಯ ಕೆಳಗೆ ಅತ್ತೆ ತಮಿಳಿನಲ್ಲಿ ದೊಡ್ಡದಾಗಿ ಸಹಿ ಹಾಕಿದರು.

ರೈಫಲ್ ಸಿಗುವುದು ಹಾಗಿರಲಿ ಫ್ರೆಂಡ್ಸ್, ಮದುವೆಯಾದ ಎರಡೇ ತಿಂಗಳಿಗೆ ಅತ್ತೆಯಿಂದ ಇಂಥದ್ದನ್ನು ಬರವಣಿಗೆಯಲ್ಲಿ, ಅದೂ ಪೊಲೀಸರ ಎದುರು ಪಡೆದವರು ನಿಮ್ಮಲ್ಲಿ ಯಾರಿದ್ದೀರಿ? ಕೈ ಎತ್ತಿ ನೋಡೋಣ!